‘ಕೇಳಿದರೆ ರಸಭಂಗ’ ಎಂದು ಗಂಡುಹುಡುಗರಿಗೆ ಕಲಿಸುತ್ತಿರುವವರು ಯಾರು?

ಗಿರಿನಗರದ ಅಣ್ಣ (ಚರ್ಚೆ ಆರಂಭಿಸಿದವರು)

ಡೇಟಿಂಗ್ ಸಲಹೆ ಎಂಬ ಹೆಸರಿನಲ್ಲಿ ಹುಡುಗರ ಮೊಬೈಲಿಗೆ ಬಂದು ಬೀಳುವ ವಿಡಿಯೊಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಮುಟ್ಟುವ ಮುನ್ನ ಕೇಳಬೇಡ, ಕೇಳಿದರೆ ರಸಭಂಗ. ಮೊದಲ ಭೇಟಿಯಲ್ಲೇ ಮೊಣಕೈ ಮುಟ್ಟು, ಆಮೇಲೆ ಬೆನ್ನಿನ ಮೇಲೆ ಕೈಯಿಡು, ಅವಳು ಸರಿದು ಕೂತರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಶುರು ಮಾಡು. ‘ಬೇಡ’ ಎಂದರೆ ಅದು ನಿನಗೊಂದು ಪರೀಕ್ಷೆ, ಗಂಡಸಾದವನು ಪಾಸಾಗುತ್ತಾನೆ. ಈಗಷ್ಟೇ ಕೆಲಸಕ್ಕೆ ಸೇರಿ ಬೆಂಗಳೂರಿನ ಪಿಜಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಇಂಥದ್ದೊಂದನ್ನು ಕಳುಹಿಸಿ, ‘ಅಣ್ಣಾ, ಇದು ನಿಜವೇ?’ ಎಂದು ಕೇಳಿದ್ದಾನೆ. ಕೇಳಿದ್ದು ಒಳ್ಳೆಯದಾಯಿತು. ಕೇಳದೆ ನಂಬಿದವರ ಸಂಖ್ಯೆ ದೊಡ್ಡದಿರಬೇಕು.

ಈ ಬುದ್ಧಿ ಹೊರಗಿನಿಂದಲೇ ಬಂತು ಎಂದು ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ನಮ್ಮ ಸಿನಿಮಾಗಳಲ್ಲಿ ನಾಯಕ ಹುಡುಗಿಯ ಹಿಂದೆ ಬಿದ್ದು ಬಿದ್ದು ಅವಳನ್ನು ‘ಒಲಿಸಿಕೊಂಡಿದ್ದನ್ನು’ ನೋಡಿಯೇ ನಾವೆಲ್ಲ ಬೆಳೆದೆವು. ಆದರೆ ಈ ವಿಡಿಯೊಗಳ ಪರಿಭಾಷೆ ಮಾತ್ರ ಅಮೆರಿಕದ್ದು. ಅಲ್ಲಿ ಹೆಣ್ಣನ್ನು ಬಲೆಗೆ ಬೀಳಿಸುವುದನ್ನೇ ಕಲೆಯೆಂದು ಹೇಳಿಕೊಡುವ, ತಮ್ಮನ್ನು ಪಿಕಪ್ ಆರ್ಟಿಸ್ಟ್ ಎಂದು ಕರೆದುಕೊಳ್ಳುವವರ ದೊಡ್ಡ ದಂಧೆಯೇ ಇದೆ. ಕೊನೆಯ ಗಳಿಗೆಯಲ್ಲಿ ಹೆಣ್ಣು ಹಿಂದೆ ಸರಿಯುವುದಕ್ಕೆ ಅವರು ‘ಲಾಸ್ಟ್ ಮಿನಿಟ್ ರೆಸಿಸ್ಟೆನ್ಸ್’ ಎಂದು ಹೆಸರಿಟ್ಟು, ಅದನ್ನು ದಾಟುವ ಉಪಾಯಗಳನ್ನು ದುಡ್ಡು ತೆಗೆದುಕೊಂಡು ಹೇಳಿಕೊಡುತ್ತಾರೆ. 2013ರ ಜೂನ್‌ನಲ್ಲಿ ಇಂಥ ಕೈಪಿಡಿಯೊಂದಕ್ಕೆ ಕಿಕ್‌ಸ್ಟಾರ್ಟರ್ ಜಾಲತಾಣದಲ್ಲಿ ಚಂದಾ ಎತ್ತಲಾಯಿತು. ಲೇಖಕ ಕೇಳಿದ್ದು 2,000 ಡಾಲರ್, ಕೂಡಿದ್ದು 16,000 ಡಾಲರಿಗೂ ಹೆಚ್ಚು. ಅವನು ಮೊದಲೇ ಅಂತರ್ಜಾಲದಲ್ಲಿ ಹಂಚಿಕೊಂಡಿದ್ದ ಭಾಗಗಳಲ್ಲಿ ಅನುಮತಿ ಕೇಳಬೇಡಿ, ನೀವು ಮುಂದುವರಿಯಿರಿ, ಬೇಡವಿದ್ದರೆ ತಡೆಯುವುದು ಅವಳ ಪಾಡು ಎಂಬರ್ಥದ ಸಾಲುಗಳಿದ್ದವು. ಜನ ತಿರುಗಿಬಿದ್ದ ಮೇಲೆ ಸಂಸ್ಥೆ ತನ್ನ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಇಂಥ ಕೈಪಿಡಿಗಳಿಗೆ ಮುಂದೆ ಅವಕಾಶವಿಲ್ಲ ಎಂದು ಸಾರಿತು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ನೆರವಿಗಿರುವ ರೇನ್ ಎಂಬ ಸಂಸ್ಥೆಗೆ 25,000 ಡಾಲರ್ ಕೊಟ್ಟಿತು. ಅಷ್ಟರಲ್ಲಿ ಚಂದಾ ಹಣ ಲೇಖಕನಿಗೆ ಸಂದಾಯವಾಗಿಹೋಗಿತ್ತು. ಮರುವರ್ಷ ಇದೇ ದಂಧೆಯ ತರಬೇತುದಾರನೊಬ್ಬನ ವೀಸಾವನ್ನು ಆಸ್ಟ್ರೇಲಿಯಾ ರದ್ದುಪಡಿಸಿತು, ಬ್ರಿಟನ್ ಅವನನ್ನು ಒಳಗೇ ಬಿಡಲಿಲ್ಲ.

‘ತಡೆಯುವುದು ಅವಳ ಪಾಡು’ ಎಂಬುದೇ ನನ್ನ ತಕರಾರಿನ ಕೇಂದ್ರ. ಮುಂದುವರಿಯುವವನು ನೀನು, ಹಾಗಾಗಿ ಕೇಳುವ ಹೊಣೆಯೂ ನಿನ್ನದೇ ಎಂದು ನನ್ನ ತಮ್ಮನಿಗೆ ಹೇಳಿದ್ದೇನೆ. ಅವನು ಒಪ್ಪಿದ, ಆದರೆ ‘ಹೇಗೆ ಕೇಳುವುದು?’ ಎಂದ. ಆ ಪ್ರಶ್ನೆಯನ್ನು ಇಲ್ಲಿಡುತ್ತಿದ್ದೇನೆ. ಹೆಣ್ಣುಮಕ್ಕಳು ಉತ್ತರಿಸಿದರೆ ಹೆಚ್ಚು ಸಂತೋಷ.

ಅರಸೀಕೆರೆಯವನು

ಸರ್, ಬೇಸರ ಮಾಡಿಕೊಳ್ಳಬೇಡಿ, ಇನ್ನೊಂದು ಮಗ್ಗುಲನ್ನೂ ಹೇಳುತ್ತೇನೆ. ನಾನು ಓದಿದ್ದು ಹುಡುಗರ ಶಾಲೆ, ಆಮೇಲೆ ಹುಡುಗರ ಹಾಸ್ಟೆಲ್. ಮನೆಯಲ್ಲಿ ಕೇಳಿದ್ದು ‘ಹೆಣ್ಣುಮಕ್ಕಳ ತಂಟೆಗೆ ಹೋಗಬೇಡ’ ಎಂಬುದೊಂದೇ. ಒಬ್ಬ ಹುಡುಗಿಯ ಎದುರು ಕುಳಿತು ಕಾಫಿ ಕುಡಿದದ್ದೇ ಕೆಲಸ ಸಿಕ್ಕಮೇಲೆ. ಅಪ್ಪ, ಅಣ್ಣ, ಮೇಷ್ಟ್ರು, ಯಾರೂ ಈ ವಿಷಯ ಎತ್ತಲಿಲ್ಲ. ಈ ವಿಡಿಯೊದವರು ಕೆಟ್ಟದ್ದನ್ನೇ ಹೇಳುತ್ತಿರಬಹುದು, ಆದರೆ ನಮ್ಮ ಜೊತೆ ಮಾತನಾಡುತ್ತಿರುವವರು ಅವರೊಬ್ಬರೇ.

ಇನ್ನೊಂದು. ನಮ್ಮ ಹುಡುಗಿಯರು ನಾಚಿಕೆಯಿಂದಲೂ ಬೇಡ ಎನ್ನುತ್ತಾರೆ. ತಟ್ಟನೆ ಹೂಂ ಎಂದರೆ ತನ್ನನ್ನು ಹಗುರಾಗಿ ಕಂಡುಬಿಡುತ್ತಾನೆ ಎಂಬ ಭಯ ಅವರಿಗೆ. ಆ ಭಯ ಸುಳ್ಳಲ್ಲ, ಹುಡುಗರು ಹಾಗೆಯೇ ಆಡಿಕೊಳ್ಳುತ್ತಾರೆ. ನನ್ನ ಗೆಳೆಯನೊಬ್ಬ ‘ಕೈ ಹಿಡಿದುಕೊಳ್ಳಲೇ?’ ಎಂದು ಕೇಳಿದ್ದಕ್ಕೆ ಅವಳು ನಕ್ಕು ಎಲ್ಲ ಗೆಳತಿಯರಿಗೂ ಹೇಳಿದಳಂತೆ. ಹೀಗಿರುವಾಗ ಯಾವ ಬೇಡ ನಾಚಿಕೆಯದ್ದು, ಯಾವ ಬೇಡ ನಿಜದ್ದು ಎಂದು ಹೇಗೆ ತಿಳಿಯುವುದು?

ಸಂಜೆಮಲ್ಲಿಗೆ

ಅರಸೀಕೆರೆಯವರೇ, ನೀವು ಪ್ರಾಮಾಣಿಕವಾಗಿ ಕೇಳಿದ್ದೀರಿ, ಹಾಗೆಯೇ ಉತ್ತರಿಸುತ್ತೇನೆ. ತಿಳಿಯುವುದು ಬೇಕಿಲ್ಲ. ಎರಡನ್ನೂ ಬೇಡ ಎಂದೇ ತೆಗೆದುಕೊಳ್ಳಿ.

ನಾಚಿಕೆಯಿಂದ ಬೇಡ ಎಂದವಳ ಮಾತನ್ನು ನೀವು ನಂಬಿ ಕೈ ಹಿಂತೆಗೆದುಕೊಂಡಿರಿ ಎಂದಿಟ್ಟುಕೊಳ್ಳೋಣ. ಹೋಗುವುದು ಒಂದು ಸಂಜೆ. ಮನಸ್ಸಿದ್ದರೆ ಮುಂದಿನ ವಾರ ಅವಳೇ ಕೈ ಹಿಡಿಯುತ್ತಾಳೆ. ಅಷ್ಟೇ ಅಲ್ಲ, ಇವನ ಎದುರು ಹೇಳಿದ ಮಾತಿಗೆ ಬೆಲೆಯಿದೆ ಎಂದು ಗೊತ್ತಾದ ಮೇಲೆ ನಾಚಿಕೆಗೆ ಬೇಡ ಎನ್ನುವುದನ್ನೂ ಬಿಡುತ್ತಾಳೆ. ತಿರುಗುಮುರುಗಾಗಿ ನೋಡಿ. ನಿಜವಾಗಿಯೂ ಬೇಡ ಎಂದವಳದ್ದು ನಾಚಿಕೆ ಎಂದು ನೀವೇ ತೀರ್ಮಾನಿಸಿ ಮುಂದುವರಿದಿರಿ. ಆಗ ಹೋಗುವುದು ಒಂದು ಸಂಜೆಯಲ್ಲ. ಆ ರಸ್ತೆಯಲ್ಲಿ ಮತ್ತೆ ನಡೆಯಲಾಗದ, ಆ ಅಂಗಿಯನ್ನು ಮತ್ತೆ ತೊಡಲಾಗದ ಹೆಣ್ಣುಮಕ್ಕಳನ್ನು ನಾನು ಬಲ್ಲೆ.

ತಡೆಯುವ ಹೊಣೆ ಹೆಣ್ಣಿನದ್ದು ಎನ್ನುವವರು ಅವಳು ಯಾವ ಸ್ಥಳದಲ್ಲಿ ಕುಳಿತು ತಡೆಯಬೇಕು ಎಂಬುದನ್ನು ಯೋಚಿಸಿಯೇ ಇಲ್ಲ. ಬೆಳಗಿನ ಜಾವ ನಂದಿಬೆಟ್ಟಕ್ಕೆ ಬೈಕಿನಲ್ಲಿ ಹೋಗುವುದು ಬೆಂಗಳೂರಿನ ಜೋಡಿಗಳ ವಾಡಿಕೆ. ನಗರದಿಂದ ಸುಮಾರು 60 ಕಿಲೋಮೀಟರ್. ಬೈಕ್ ಅವನದ್ದು, ಕೀಲಿ ಅವನ ಜೇಬಿನಲ್ಲಿ, ಸುತ್ತ ಮಂಜು, ಇನ್ನೂ ಬೆಳಕಿಲ್ಲ. ಅಲ್ಲಿ ಅವನು ಸೊಂಟಕ್ಕೆ ಕೈ ಹಾಕಿದನೆನ್ನಿ. ‘ಕೈ ತೆಗೆ’ ಎಂದು ಗಟ್ಟಿಯಾಗಿ ಹೇಳುವ ಮುನ್ನ ಅವಳ ತಲೆಯಲ್ಲಿ ಓಡುವುದು, ಇವನಿಗೆ ಸಿಟ್ಟು ಬಂದರೆ ನಾನು ಮನೆಗೆ ಹೋಗುವುದು ಹೇಗೆ ಎಂಬ ಯೋಚನೆ. ಆದ್ದರಿಂದ ನಗುತ್ತಾಳೆ. ‘ಅಲ್ಲಿ ಚಹಾ ಸಿಗುತ್ತದೆಯೇನೋ, ನೋಡೋಣ ಬಾ’ ಎಂದು ಎದ್ದು ನಡೆಯುತ್ತಾಳೆ. ಆ ನಗುವನ್ನು ಒಪ್ಪಿಗೆ ಎಂದು ಓದಿಕೊಳ್ಳುವುದನ್ನೇ ನಿಮಗೆ ವಿಡಿಯೊಗಳು ಕಲಿಸುತ್ತಿರುವುದು.

ಗಮನವಿಟ್ಟವರಿಗೆ ಎಲ್ಲವೂ ಕಾಣುತ್ತದೆ. ಪಾರ್ಕಿನ ಬೆಂಚಿನ ಮೇಲೆ ಕುಳಿತಾಗ ಅವಳ ತೊಡೆಯ ಮೇಲಿದ್ದ ಬ್ಯಾಗು ಎಲ್ಲಿಗೆ ಹೋಯಿತು? ಅದು ಎದ್ದು ನಿಮ್ಮಿಬ್ಬರ ನಡುವೆ ಬಂದು ಕುಳಿತಿದ್ದರೆ ಉತ್ತರ ಬಂದಾಗಿದೆ. ದುಪಟ್ಟಾ ಸರಿಮಾಡಿಕೊಳ್ಳುವ ನೆಪದಲ್ಲಿ ನಿಮ್ಮ ಕೈಯಿಂದ ತನ್ನ ಕೈ ಬಿಡಿಸಿಕೊಂಡಳೇ? ಬಾರದ ಫೋನನ್ನು ಎತ್ತಿ ನೋಡಿದಳೇ? ‘ಅಮ್ಮ ಕಾಯುತ್ತಿರುತ್ತಾರೆ’ ಎಂದಳೇ? ಬಾಯಿಬಿಟ್ಟು ಹೇಳಿದರೆ ಮಾತ್ರ ಕೇಳಿಸುತ್ತದೆ ಎನ್ನಬೇಡಿ.

ನಿಮ್ಮ ಗೆಳೆಯನ ಮಾತನ್ನು ಕೇಳಿ ನಕ್ಕವಳ ಬಗ್ಗೆಯೂ ಹೇಳಿಬಿಡುತ್ತೇನೆ. ಅವಳು ಗೆಳತಿಯರಿಗೆ ಹೇಳಿದಾಗ ಅವರಲ್ಲಿ ಒಬ್ಬಳಾದರೂ ‘ನಮ್ಮನ್ನು ಯಾರೂ ಹೀಗೆ ಕೇಳಿಲ್ಲವಲ್ಲೇ’ ಎಂದಿರುತ್ತಾಳೆ.

ಆಪ್ತಸಮಾಲೋಚಕಿ, ಮೈಸೂರು

ಸಂಜೆಮಲ್ಲಿಗೆಯವರು ಹೇಳಿದ್ದಕ್ಕೆ ಪೂರಕವಾಗಿ ಒಂದು ಅಧ್ಯಯನವಿದೆ. 1999ರಲ್ಲಿ ಬ್ರಿಟನ್ನಿನ ಸೆಲಿಯಾ ಕಿಟ್ಸಿಂಗರ್ ಮತ್ತು ಹನ್ನಾ ಫ್ರಿತ್ ಎಂಬ ಸಂಶೋಧಕಿಯರು, ಜನ ನಿತ್ಯದ ಮಾತುಕತೆಯಲ್ಲಿ ಹೇಗೆ ನಿರಾಕರಿಸುತ್ತಾರೆ ಎಂಬುದನ್ನು ಮುಂದಿಟ್ಟುಕೊಂಡು ಬರೆದರು. ಊಟಕ್ಕೆ ಕರೆದರೂ, ಸಾಲ ಕೇಳಿದರೂ ಯಾರೂ ‘ಇಲ್ಲ’ ಎಂದು ಮುಖಕ್ಕೆ ಹೊಡೆದಂತೆ ಹೇಳುವುದಿಲ್ಲ. ಸ್ವಲ್ಪ ತಡೆಯುತ್ತಾರೆ, ನೆಪ ಹೇಳುತ್ತಾರೆ, ಮಾತನ್ನು ತೇಲಿಸುತ್ತಾರೆ. ಎದುರಿನವರಿಗೆ ಅದು ಸಲೀಸಾಗಿ ಅರ್ಥವಾಗುತ್ತದೆ. ಹಾಗಿರುವಾಗ ಲೈಂಗಿಕ ವಿಷಯದಲ್ಲಿ ಮಾತ್ರ ಗಂಡಸರಿಗೆ ಅರ್ಥವಾಗಲಿಲ್ಲ ಎಂಬ ವಾದವನ್ನು ಒಪ್ಪಲಾಗದು ಎಂಬುದು ಅವರ ನಿಲುವು. ನಮ್ಮ ಹಳ್ಳಿಯ ಗಂಡಸಿಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಣ್ಣು ನೋಡಲು ಹೋಗಿ ಬಂದ ಮೇಲೆ ಆ ಕಡೆಯವರು ‘ಹಿರಿಯರನ್ನು ಕೇಳಿ ತಿಳಿಸುತ್ತೇವೆ’ ಎಂದರೆ ಏನೆಂದು ಅವನಿಗೆ ಚೆನ್ನಾಗಿ ಗೊತ್ತು.

ಇನ್ನು ಹೇಗೆ ಕೇಳುವುದು ಎಂಬುದಕ್ಕೆ ಬರುತ್ತೇನೆ, ಏಕೆಂದರೆ ನನ್ನ ಬಳಿ ಬರುವ ಹುಡುಗರಿಗೆ ಉಪದೇಶಕ್ಕಿಂತ ವಾಕ್ಯಗಳು ಬೇಕಾಗಿರುತ್ತವೆ. ‘ಪಕ್ಕದಲ್ಲಿ ಕೂರಲೇ?’ ‘ಕೈ ಹಿಡಿದುಕೊಳ್ಳಬಹುದೇ?’ ‘ನಿನಗೆ ಮುತ್ತು ಕೊಡಬೇಕು ಅನ್ನಿಸುತ್ತಿದೆ, ನಿನಗೂ ಹಾಗೆ ಅನ್ನಿಸಿದರೆ ಮಾತ್ರ.’ ‘ಇಲ್ಲಿಗೆ ಸಾಕೇ?’ ಇವೇ ಸಾಕು. ದನಿ ಸಹಜವಾಗಿರಲಿ. ಕೇಳಿದ ಮೇಲೆ ಉತ್ತರಕ್ಕೆ ಸಮಯ ಕೊಡಿ. ಪ್ರಶ್ನೆ ಬಾಯಲ್ಲಿರುವಾಗಲೇ ಕೈ ಮುಂದೆ ಹೋಗಿದ್ದರೆ ಅದು ಕೇಳಿದಂತಲ್ಲ. ಅವಳು ಸುಮ್ಮನಿದ್ದರೆ, ತಡವರಿಸಿದರೆ, ‘ಗೊತ್ತಿಲ್ಲ’ ಎಂದರೆ ನಿಲ್ಲಿಸಿ ಬೇರೆ ಮಾತಿಗೆ ಹೋಗಿ. ಒಂದಕ್ಕೆ ಹೂಂ ಎಂದದ್ದು ಮುಂದಿನದ್ದಕ್ಕೆ ಹೂಂ ಆಗುವುದಿಲ್ಲ. ಕೋಣೆಗೆ ಬಂದಳು ಎಂದರೆ ಅದು ಕೋಣೆಗೆ ಬರಲು ಮಾತ್ರ ಒಪ್ಪಿಗೆ. ನಡುವೆ ಮನಸ್ಸು ಬದಲಾಯಿಸುವ ಹಕ್ಕು ಅವಳಿಗೂ ಇದೆ, ನಿಮಗೂ ಇದೆ. ಹುಡುಗರೂ ಬೇಡ ಎನ್ನಬಹುದು ಎಂಬುದನ್ನು ಹೇಳಿದಾಗ ನನ್ನ ಎದುರು ಕುಳಿತ ಎಷ್ಟೋ ಮಂದಿ ನಿರಾಳರಾಗುವುದನ್ನು ನೋಡಿದ್ದೇನೆ.

ಕೇಳುವುದಕ್ಕಿಂತ ಕಷ್ಟವಾದದ್ದು ಬೇಡ ಎಂದ ಮೇಲಿನ ಹತ್ತು ನಿಮಿಷ. ಮುಖ ಊದಿಸಿಕೊಂಡು ಕೂರುವುದು, ‘ನನ್ನ ಮೇಲೆ ನಂಬಿಕೆ ಇಲ್ಲವೇ?’ ಎನ್ನುವುದು, ‘ಪ್ರೀತಿ ಇದ್ದಿದ್ದರೆ ಹೀಗೆನ್ನುತ್ತಿರಲಿಲ್ಲ’ ಎನ್ನುವುದು, ಕಾಲು ಗಂಟೆ ಬಿಟ್ಟು ಅದನ್ನೇ ಬೇರೆ ಮಾತಿನಲ್ಲಿ ಕೇಳುವುದು. ಇದರಿಂದ ಕೊನೆಗೆ ಸಿಗುವ ಹೂಂ ಸೋತವಳ ಹೂಂ. ಅವಳಿಗೆ ಬೇಕಾಗಿರುವುದು ನಿಮ್ಮ ಕಾಟ ನಿಲ್ಲುವುದು, ಮತ್ತೇನೂ ಅಲ್ಲ. ಬೇಡ ಎಂದ ಮೇಲೆಯೂ ನಿಮ್ಮ ಮಾತು, ನಗು, ಅವಳನ್ನು ಬಸ್ ಹತ್ತಿಸುವ ಕಾಳಜಿ ಮೊದಲಿನಂತೆಯೇ ಇದೆಯೇ? ಹೆಣ್ಣು ಅಳೆಯುವುದು ಅದನ್ನು.

ಕುಡಿದಿರುವಾಗ ಏನನ್ನೂ ಶುರು ಮಾಡಬೇಡಿ. ಈ ವಿಷಯದಲ್ಲಿ ನನಗೆ ಚರ್ಚೆಯೇ ಇಲ್ಲ.

ಧಾರವಾಡದ ವಕೀಲೆ

ಕಾನೂನಿನ ಮಾತು ಯಾರಾದರೂ ಕೇಳುತ್ತಾರೆಂದು ಕಾಯುತ್ತಿದ್ದೆ. ನಾನೇ ಹೇಳಿಬಿಡುತ್ತೇನೆ.

2024ರ ಜುಲೈ 1ರಿಂದ ಜಾರಿಯಲ್ಲಿರುವುದು ಭಾರತೀಯ ನ್ಯಾಯ ಸಂಹಿತೆ. ಅತ್ಯಾಚಾರವನ್ನು ವಿವರಿಸುವ ಅದರ 63ನೆಯ ಕಲಮಿನಲ್ಲಿ ಒಪ್ಪಿಗೆ ಎಂದರೇನು ಎಂಬುದೂ ಇದೆ. 2013ರಲ್ಲಿ ಹಳೆಯ ದಂಡ ಸಂಹಿತೆಯ 375ನೆಯ ಕಲಮಿಗೆ ಸೇರಿಸಿದ ವಿವರಣೆಯೇ ಇಲ್ಲಿಗೂ ಬಂದಿದೆ. ಸಾರ ಇಷ್ಟು: ಹೆಣ್ಣು ಮಾತಿನಿಂದಲೋ ಸನ್ನೆಯಿಂದಲೋ ಬೇರೆ ರೀತಿಯಿಂದಲೋ ಆ ನಿರ್ದಿಷ್ಟ ಕ್ರಿಯೆಗೆ ಇಚ್ಛೆಯನ್ನು ತಿಳಿಸಬೇಕು, ಅದು ಸಂದೇಹಕ್ಕೆ ಎಡೆಯಿಲ್ಲದ ಸ್ವಇಚ್ಛೆಯಾಗಿರಬೇಕು. ಮೈಯಿಂದ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಳು ಒಪ್ಪಿದಳೆಂದು ತಿಳಿಯುವಂತಿಲ್ಲ. ‘ಅವಳು ತಡೆಯಲಿಲ್ಲವಲ್ಲ’ ಎಂದು ಕಲಿಸುವ ವಿಡಿಯೊ ನಿಮ್ಮನ್ನು ನೇರವಾಗಿ ಈ ಕಲಮಿನ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

ಈ ವಾಕ್ಯ ಕಾನೂನಿಗೆ ಬರಲು ದಶಕಗಳು ಹಿಡಿದವು. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ನಡೆದ ದೌರ್ಜನ್ಯದ ಪ್ರಕರಣದಲ್ಲಿ, ಮೈಮೇಲೆ ಗಾಯದ ಗುರುತಿಲ್ಲ ಎಂಬುದನ್ನು ಮುಖ್ಯವಾಗಿಸಿಕೊಂಡು ಸುಪ್ರೀಂ ಕೋರ್ಟ್ ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿತು. 1979ರಲ್ಲಿ ಉಪೇಂದ್ರ ಬಕ್ಷಿ ಮತ್ತು ಇನ್ನೂ ಮೂವರು ಕಾನೂನು ಪ್ರಾಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಶರಣಾಗುವುದು ಬೇರೆ, ಒಪ್ಪುವುದು ಬೇರೆ ಎಂಬುದು ಆ ಪತ್ರದ ಜೀವಾಳ. ದೇಶದುದ್ದಕ್ಕೂ ಹೆಣ್ಣುಮಕ್ಕಳು ಬೀದಿಗಿಳಿದರು, 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಹಾಗೆಂದು ಎಲ್ಲ ಮುಗಿದಿಲ್ಲ. 2017ರಲ್ಲಿ ದೆಹಲಿ ಹೈಕೋರ್ಟ್ ಪ್ರಕರಣವೊಂದರಲ್ಲಿ ಸಂಶಯದ ಲಾಭ ಕೊಟ್ಟು ಆರೋಪಿಯನ್ನು ಬಿಡುಗಡೆ ಮಾಡುವಾಗ, ಹೆಣ್ಣಿನ ಕ್ಷೀಣವಾದ ‘ಬೇಡ’ ಕೆಲವೊಮ್ಮೆ ‘ಹೂಂ’ ಆಗಿರಬಹುದು ಎಂಬರ್ಥದ ಮಾತನ್ನು ಬರೆಯಿತು. ನನ್ನ ಮಟ್ಟಿಗೆ ಅದು ತೀರಾ ನೋವಿನ ಸಾಲು.

ಅತ್ಯಾಚಾರದವರೆಗೆ ಹೋಗದ ವರ್ತನೆಗೂ ಕಲಮುಗಳಿವೆ. ಬೇಡವಾದ ದೈಹಿಕ ಸ್ಪರ್ಶ 75ನೆಯ ಕಲಮಿನ ಲೈಂಗಿಕ ಕಿರುಕುಳದೊಳಗೆ ಬರುತ್ತದೆ. ಮಾನಭಂಗದ ಉದ್ದೇಶದಿಂದ ಬಲಪ್ರಯೋಗ ಮಾಡಿದರೆ 74ನೆಯ ಕಲಮು, ಕನಿಷ್ಠ ಒಂದು ವರ್ಷ, ಗರಿಷ್ಠ ಐದು ವರ್ಷ ಸೆರೆವಾಸ. ಕಾಲೇಜು ಹುಡುಗರು ಕೇಳಿಸಿಕೊಳ್ಳಬೇಕಾದ ಇನ್ನೊಂದು ಮಾತಿದೆ. ಹುಡುಗಿಗೆ 18 ತುಂಬಿಲ್ಲದಿದ್ದರೆ ಅವಳ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಪಿಯುಸಿ ಓದುವ ಗೆಳತಿ ಎಷ್ಟೇ ಮನಸಾರೆ ಹೂಂ ಎಂದರೂ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಅನ್ವಯವಾಗುತ್ತದೆ. ಈ ವಯಸ್ಸನ್ನು ಇಳಿಸಬಾರದೆಂದು ಕಾನೂನು ಆಯೋಗವೂ 2023ರ ವರದಿಯಲ್ಲಿ ಹೇಳಿದೆ.

ತುಮಕೂರು ರಸ್ತೆ

ಮೇಡಂ, ನಮ್ಮ ಕಡೆಯ ಭಯವನ್ನೂ ಕೇಳಿಸಿಕೊಳ್ಳಿ. ಇಬ್ಬರೂ ಒಪ್ಪಿಯೇ ಇದ್ದೆವು, ಆಮೇಲೆ ಸಂಬಂಧ ಮುರಿಯಿತು, ಮದುವೆಯಾಗುತ್ತೇನೆಂದು ನಂಬಿಸಿದ ಎಂದು ದೂರು ಬಂತು. ಇಂಥ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದುತ್ತಲೇ ಇದ್ದೇವೆ. ಬರವಣಿಗೆಯಲ್ಲಿ ಸಹಿ ಹಾಕಿಸಿಕೊಂಡರೆ, ಇಲ್ಲವೇ ವಿಡಿಯೊ ಮಾಡಿಟ್ಟುಕೊಂಡರೆ ರಕ್ಷಣೆ ಸಿಗುತ್ತದೆಯೇ?

ಧಾರವಾಡದ ವಕೀಲೆ

ವಿಡಿಯೊ ಮಾತ್ರ ಖಂಡಿತ ಬೇಡ. ಗೊತ್ತಾಗದಂತೆ ಚಿತ್ರೀಕರಿಸಿದರೆ ಅದೇ 77ನೆಯ ಕಲಮಿನ ಅಪರಾಧ. ಅವಳು ಚಿತ್ರ ತೆಗೆಯಲು ಒಪ್ಪಿದ್ದರೂ ಬೇರೆಯವರಿಗೆ ತೋರಿಸಲು ಒಪ್ಪಿರದಿದ್ದರೆ, ಹಂಚಿದ ಕ್ಷಣದಲ್ಲಿ ಅಪರಾಧ. ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫೋಟೊ ಹಾಕಿ ಬದುಕು ಹಾಳುಮಾಡಿಕೊಂಡವರ ಕಡತಗಳು ನನ್ನ ಮೇಜಿನ ಮೇಲಿವೆ. ಸಹಿಯ ಕಾಗದವೂ ಕೆಲಸಕ್ಕೆ ಬಾರದು. ಸಂಜೆ ಸಹಿ ಹಾಕಿದವಳು ರಾತ್ರಿ ಬೇಡ ಎಂದರೆ ಆ ಬೇಡವೇ ಕೊನೆಯ ಮಾತು.

ಮದುವೆಯ ಭರವಸೆಯ ವಿಷಯ 69ನೆಯ ಕಲಮಿಗೆ ಸೇರಿದ್ದು. ಈಡೇರಿಸುವ ಮನಸ್ಸೇ ಇಲ್ಲದೆ ಮಾತು ಕೊಟ್ಟು ದೈಹಿಕ ಸಂಬಂಧ ಬೆಳೆಸಿದರೆ ಹತ್ತು ವರ್ಷದವರೆಗೆ ಸೆರೆವಾಸ. ಆದರೆ ಆರಂಭದಿಂದಲೂ ಸುಳ್ಳಾಗಿದ್ದ ಭರವಸೆ ಬೇರೆ, ಪ್ರಾಮಾಣಿಕವಾಗಿ ಕೊಟ್ಟು ಆಮೇಲೆ ನಡೆಸಲಾಗದ ಭರವಸೆ ಬೇರೆ ಎಂದು ಸುಪ್ರೀಂ ಕೋರ್ಟ್ 2019ರ ಪ್ರಮೋದ್ ಸೂರ್ಯಭಾನ್ ಪವಾರ್ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ನಿಮಗೆ ನನ್ನ ಸಲಹೆ ಸರಳ. ಮದುವೆಯ ಯೋಚನೆ ಇಲ್ಲದಿದ್ದರೆ ಇಲ್ಲ ಎಂದು ಮೊದಲೇ ಹೇಳಿ. ಅದನ್ನು ಕೇಳಿ ಅವಳು ಎದ್ದುಹೋದರೆ ಹೋಗಲಿ. ಮನೆಯಲ್ಲಿ ಜಾತಿಯ ಕಾರಣಕ್ಕೆ ಒಪ್ಪುವುದಿಲ್ಲವೆಂದು ಗೊತ್ತಿದ್ದೂ ‘ಅಮ್ಮನನ್ನು ಒಪ್ಪಿಸುತ್ತೇನೆ’ ಎಂದು ವರ್ಷಗಟ್ಟಲೆ ದೂಡುವ ಗಂಡಸರನ್ನು ನಾನು ನ್ಯಾಯಾಲಯದ ಮೊಗಸಾಲೆಯಲ್ಲಿ ನೋಡುತ್ತಲೇ ಇರುತ್ತೇನೆ. ಅವರಲ್ಲಿ ಹೆಚ್ಚಿನವರು ದುಷ್ಟರಲ್ಲ, ಸತ್ಯ ಹೇಳುವ ಧೈರ್ಯವಿಲ್ಲದವರು. ಹುಡುಗಿಗೆ ಆಗುವ ಪೆಟ್ಟು ಮಾತ್ರ ಎರಡರಲ್ಲೂ ಒಂದೇ.

ಸ್ಟಾಕ್‌ಹೋಮ್ ಕನ್ನಡಿಗ

ಇಲ್ಲಿಯ ಅನುಭವ ಸೇರಿಸುತ್ತೇನೆ. ಸ್ವೀಡನ್ 2018ರ ಜುಲೈ 1ರಿಂದ ಕಾನೂನನ್ನು ಬದಲಿಸಿತು. ಬಲಪ್ರಯೋಗವಾಯಿತೇ, ಬೆದರಿಸಿದನೇ ಎಂದು ಹುಡುಕುವ ಬದಲು ಅವಳು ಸ್ವಇಚ್ಛೆಯಿಂದ ಪಾಲ್ಗೊಂಡಳೇ ಎಂದು ಈಗ ಕೇಳುತ್ತಾರೆ. ಒಪ್ಪಿಗೆಯ ಬಗ್ಗೆ ತೀರಾ ಅಸಡ್ಡೆ ತೋರಿದವನಿಗೆ ‘ನಿರ್ಲಕ್ಷ್ಯದ ಅತ್ಯಾಚಾರ’ ಎಂಬ ಹೊಸ ಅಪರಾಧವೂ ಇದೆ. 2019ರಲ್ಲಿ ಇಲ್ಲಿಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಪ್ರಕರಣದಲ್ಲಿ ಆರೋಪಿ ತನ್ನಲ್ಲಿ ರಾತ್ರಿ ತಂಗಲು ಹುಡುಗಿ ಒಪ್ಪಿದ್ದಳು, ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿದ್ದರು, ಅವಳು ಕದಲದೆ ಸುಮ್ಮನಿದ್ದಳು. ಆ ಸುಮ್ಮನಿರುವಿಕೆಯನ್ನು ಒಪ್ಪಿಗೆ ಎನ್ನಲಾಗದು ಎಂದು ನ್ಯಾಯಾಲಯ ಶಿಕ್ಷೆ ಎತ್ತಿಹಿಡಿಯಿತು.

ಕದಲದೆ ಇರುವುದು ಏಕೆ ಎಂಬುದಕ್ಕೂ ಇಲ್ಲೇ ನಡೆದ ಅಧ್ಯಯನವಿದೆ. ಅತ್ಯಾಚಾರದ ನಂತರ ಸ್ಟಾಕ್‌ಹೋಮಿನ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಮಹಿಳೆಯರನ್ನು ಮಾತನಾಡಿಸಿ 2017ರಲ್ಲಿ ಪ್ರಕಟಿಸಿದ್ದು. ಅವರಲ್ಲಿ ಶೇಕಡಾ 70ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಮೈ ಮರಗಟ್ಟಿತ್ತು, ಕೈಕಾಲು ಆಡಿಸಲು, ಕೂಗಲು ಆಗದ ಸ್ಥಿತಿ. ಭಯಕ್ಕೆ ದೇಹ ತಾನಾಗಿ ಹಾಗೆ ಮಾಡುತ್ತದೆ. ‘ಬೇಡವಿದ್ದರೆ ತಳ್ಳುತ್ತಿದ್ದಳು’ ಎನ್ನುವ ಗೆಳೆಯರಿಗೆ ನಾನು ಹೇಳುವುದು ಈ ಅಂಕಿಯನ್ನೇ. ಇಲ್ಲಿಯ ಹುಡುಗರು ಕೇಳಿಕೊಂಡೇ ಮುಂದುವರಿಯುತ್ತಾರೆ, ಪ್ರೇಮಕ್ಕೇನೂ ಬರ ಬಂದಿಲ್ಲ.

ಶಿವಮೊಗ್ಗದ ಅಮ್ಮ

ನೀವೆಲ್ಲ ಮಕ್ಕಳ ವಯಸ್ಸಿನವರು. ಡೇಟಿಂಗ್ ಎಂದರೆ ಆ್ಯಪ್‌ನಲ್ಲಿ ಪರಿಚಯವಾದವರು ಮಾತ್ರ ಎಂಬಂತೆ ಮಾತನಾಡುತ್ತಿದ್ದೀರಿ. ನಮ್ಮ ಕಡೆ ಬಹಳಷ್ಟು ಹುಡುಗ ಹುಡುಗಿಯರು ಮೊದಲ ಬಾರಿಗೆ ಜೊತೆಯಾಗಿ ಹೊರಗೆ ಹೋಗುವುದು ನಿಶ್ಚಿತಾರ್ಥವಾದ ಮೇಲೆ. ಹಿರಿಯರೇ ‘ಹೋಗಿಬನ್ನಿ’ ಎಂದು ಕಳುಹಿಸುತ್ತಾರೆ. ಹುಡುಗ ಕಾರು ತರುತ್ತಾನೆ, ಜೋಗಕ್ಕೋ ಆಗುಂಬೆಗೋ ಕರೆದೊಯ್ಯುತ್ತಾನೆ. ‘ಹೇಗೂ ಮದುವೆಯಾಗುವವರು ತಾನೇ’ ಎಂಬ ಮಾತು ಅಲ್ಲಿ ಹುಟ್ಟುತ್ತದೆ.

ಆ ಹುಡುಗಿಯ ಸ್ಥಿತಿಯನ್ನು ಯೋಚಿಸಿ. ಛತ್ರಕ್ಕೆ ಮುಂಗಡ ಕೊಟ್ಟಾಗಿದೆ. ಲಗ್ನಪತ್ರಿಕೆ ಅಚ್ಚಾಗಿ ಅರ್ಧ ಊರಿಗೆ ಹಂಚಿಯೂ ಆಗಿದೆ. ಅಪ್ಪ ಸೊಸೈಟಿಯಲ್ಲಿ ಸಾಲ ಮಾಡಿ ಒಡವೆ ತಂದಿದ್ದಾರೆ. ಬೇಡ ಎಂದರೆ ಇವನು ಮನೆಯಲ್ಲಿ ಏನು ಹೇಳುತ್ತಾನೋ, ಇವಳಿಗೆ ಬೇರೆ ಯಾರೋ ಇದ್ದಾರೆ ಎಂದರೆ? ಅಷ್ಟೆಲ್ಲ ತಲೆಯ ಮೇಲೆ ಹೊತ್ತವಳು ಹೂಂ ಎಂದರೆ ಆ ಹೂಂ ಯಾರದ್ದು? ನನ್ನ ಅಕ್ಕನ ಮಗಳು ಮದುವೆಗೆ ಮೊದಲೇ ಅತ್ತುಕೊಂಡು ನನ್ನ ಬಳಿ ಬಂದಿದ್ದಳು. ನಾನೇ ಹುಡುಗನ ಚಿಕ್ಕಮ್ಮನೊಂದಿಗೆ ಮಾತನಾಡಿದೆ. ಆ ಹುಡುಗ ಒಳ್ಳೆಯವನೇ, ಅರ್ಥಮಾಡಿಕೊಂಡ. ಆದರೆ ಯಾರೂ ಹೇಳದಿದ್ದರೆ?

ಪ್ರಸ್ತದ ರಾತ್ರಿಯೂ ಹಾಗೆಯೇ. ಎರಡು ದಿನದಿಂದ ನಿದ್ದೆಯಿಲ್ಲದ, ತವರಿನಿಂದ ಆಗಷ್ಟೇ ಹೊರಟು ಬಂದ ಹುಡುಗಿಯನ್ನು ಕೋಣೆಗೆ ಕಳುಹಿಸಿ ಹೊರಗೆ ಕುಳಿತು ಕಿಸಕ್ಕನೆ ನಗುವ ನಮ್ಮ ಪದ್ಧತಿಯನ್ನು ನಾವು ಹೆಂಗಸರೇ ನಿಲ್ಲಿಸಬೇಕು. ನನ್ನ ಮಗನ ಮದುವೆಯಲ್ಲಿ ಅವನನ್ನು ಪಕ್ಕಕ್ಕೆ ಕರೆದು, ‘ಇವತ್ತೇ ಎಂದೇನಿಲ್ಲ ಮಗು, ಅವಳಿಗೆ ಮನಸ್ಸಾದ ದಿನ’ ಎಂದು ಹೇಳಿದೆ. ಕೆಂಪಾಗಿ ತಲೆತಗ್ಗಿಸಿದ. ಆದರೆ ಕೇಳಿಸಿಕೊಂಡ.

ಧಾರವಾಡದ ವಕೀಲೆ

ಅಮ್ಮ, ನಿಮ್ಮಂಥ ಅತ್ತೆಯರು ಹೆಚ್ಚಲಿ. ನೀವು ಎತ್ತಿದ ಜಾಗದಲ್ಲೇ ನಮ್ಮ ಕಾನೂನು ಮೌನವಾಗಿದೆ. ಹೆಂಡತಿಗೆ 18 ತುಂಬಿದ್ದರೆ ಗಂಡ ಅವಳ ಇಚ್ಛೆಗೆ ವಿರುದ್ಧವಾಗಿ ನಡೆದುಕೊಂಡರೂ ಅದು ಅತ್ಯಾಚಾರವಲ್ಲ ಎಂಬ ವಿನಾಯಿತಿ ಹೊಸ ಸಂಹಿತೆಯಲ್ಲೂ ಉಳಿದಿದೆ. 2022ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಗಂಡನೊಬ್ಬನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಪಡಿಸಲು ನಿರಾಕರಿಸಿದರು. ಗಂಡನಾದರೂ ಗಂಡಸು ಗಂಡಸೇ, ಕೃತ್ಯ ಕೃತ್ಯವೇ ಎಂಬುದು ಆ ತೀರ್ಪಿನ ದನಿ. ಅದೇ ವರ್ಷ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು.

ಕರಾವಳಿಯವ

ನಾನು ಗಂಡಸರನ್ನು ಪ್ರೀತಿಸುವ ಗಂಡಸು. ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ 2018ರ ಸೆಪ್ಟೆಂಬರ್ 6ರ ತೀರ್ಪಿನ ದಿನ ಮಂಗಳೂರಿನ ಕೋಣೆಯೊಂದರಲ್ಲಿ ಬಾಗಿಲು ಹಾಕಿಕೊಂಡು ಅತ್ತವನು. ನಮ್ಮ ಆ್ಯಪ್‌ಗಳಲ್ಲಿಯೂ ಕೇಳದೆ ಮುಟ್ಟುವುದು, ‘ಇಲ್ಲಿಯವರೆಗೆ ಬಂದಮೇಲೆ ಏನು ಬೇಡ?’ ಎನ್ನುವುದು ಧಾರಾಳವಾಗಿದೆ. ದೂರು ಕೊಡಲು ಹೋದರೆ ನಮಗೆ ಸರಿಯಾದ ಕಲಮೂ ಇಲ್ಲ. ಗಂಡಸಿನ ಮೇಲಿನ ಬಲಾತ್ಕಾರಕ್ಕೂ ಅನ್ವಯವಾಗುತ್ತಿದ್ದ ಹಳೆಯ ದಂಡ ಸಂಹಿತೆಯ 377ನೆಯ ಕಲಮಿಗೆ ಸಮನಾದದ್ದನ್ನು ಹೊಸ ಸಂಹಿತೆಯಲ್ಲಿ ಇಟ್ಟೇ ಇಲ್ಲ, ಹಲ್ಲೆ ಮುಂತಾದ ಸಾಮಾನ್ಯ ಕಲಮುಗಳಿಗೆ ಮೊರೆ ಹೋಗಬೇಕು. ಗಂಡಸರಿಗೆ ಸಲಹೆ ಎಂದು ಬರೆಯುವಾಗ ನಮ್ಮನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗಿರಿನಗರದ ಅಣ್ಣ

ಕರಾವಳಿಯವರೇ, ನೀವು ಬರೆದದ್ದಕ್ಕೆ ಧನ್ಯವಾದ. ಇನ್ನು ಮುಂದೆ ಹಾಗೆಯೇ ಬರೆಯುತ್ತೇನೆ. ಅಮ್ಮ ಬರೆದದ್ದನ್ನು ನನ್ನ ತಮ್ಮನಿಗಷ್ಟೇ ಅಲ್ಲ, ಚಿಕ್ಕಮ್ಮನಿಗೂ ಓದಿ ಹೇಳಿದೆ. ಮೊದಲು ಮುಜುಗರಪಟ್ಟರು, ಆಮೇಲೆ ‘ಇದನ್ನು ನಾವೇ ಅವನಿಗೆ ಹೇಳಬೇಕಿತ್ತು’ ಎಂದರು. ಅರಸೀಕೆರೆಯವರು ಹೇಳಿದ ಮಾತು ನನ್ನನ್ನು ಬಿಡುತ್ತಿಲ್ಲ. ಮನೆಯ ಗಂಡಸರು ಬಾಯಿ ಮುಚ್ಚಿಕೊಂಡ ಜಾಗಕ್ಕೇ ಈ ದಂಧೆಯವರು ಬಂದು ಕುಳಿತಿದ್ದಾರೆ. ಮೈದುನನಿಗೆ, ಅಳಿಯನಿಗೆ, ಮಗನಿಗೆ ಇದನ್ನು ಹೇಳಬೇಕಾದವರು ನಾವು.

ಅರಸೀಕೆರೆಯವನು

ಎಲ್ಲರ ಉತ್ತರವನ್ನೂ ಎರಡೆರಡು ಬಾರಿ ಓದಿದೆ. ಸಂಜೆಮಲ್ಲಿಗೆಯವರ ಲೆಕ್ಕ ತಲೆಗೆ ಹೊಕ್ಕಿತು, ಎರಡನ್ನೂ ಬೇಡ ಎಂದೇ ತೆಗೆದುಕೊಳ್ಳುತ್ತೇನೆ. ಇನ್ನೊಂದೇ ಪ್ರಶ್ನೆ ಉಳಿದಿದೆ. ಅವಳು ಬೇಡ ಎಂದಳು, ನಾನು ಸುಮ್ಮನೆ ಎದ್ದು ಬಂದೆ ಎಂದಿಟ್ಟುಕೊಳ್ಳಿ. ಮರುದಿನ ಸಂದೇಶ ಕಳುಹಿಸಬಹುದೇ? ಕಳುಹಿಸಿದರೆ ಪೀಡಿಸಿದಂತೆ, ಕಳುಹಿಸದಿದ್ದರೆ ಅದಕ್ಕಾಗಿಯೇ ಬಂದಿದ್ದ ಎಂದುಕೊಳ್ಳುತ್ತಾಳೆ.

ಸಂಜೆಮಲ್ಲಿಗೆ

ಕಳುಹಿಸಿ. ಒಂದು. ‘ನಿನ್ನೆ ಮನೆಗೆ ಸರಿಯಾಗಿ ತಲುಪಿದಿರಾ? ನಿಮ್ಮ ಜೊತೆ ಮಾತನಾಡಿದ್ದು ಖುಷಿಯಾಯಿತು’ ಎಂದಷ್ಟೇ ಇರಲಿ. ನಿನ್ನೆ ನಡೆದದ್ದಕ್ಕೆ ವಿವರಣೆ ಬೇಡ, ಉದ್ದದ ಕ್ಷಮಾಪಣೆ ಬೇಡ, ರಾತ್ರಿ ಹನ್ನೊಂದಕ್ಕಂತೂ ಬೇಡ. ಉತ್ತರ ಬಂದರೆ ಮಾತು ಮುಂದುವರಿಯುತ್ತದೆ. ಬಾರದಿದ್ದರೆ ಎರಡನೆಯದನ್ನು ಕಳುಹಿಸಬೇಡಿ, ಗೆಳತಿಯ ಮೂಲಕ ಹೇಳಿಕಳುಹಿಸಬೇಡಿ, ಅವಳು ಬಸ್ ಹತ್ತುವ ನಿಲ್ದಾಣದಲ್ಲಿ ಆಕಸ್ಮಿಕವೆಂಬಂತೆ ನಿಲ್ಲಬೇಡಿ.

ಧಾರವಾಡದ ವಕೀಲೆ

ಕೊನೆಯದಕ್ಕೆ ಸಂಹಿತೆಯಲ್ಲಿ 78ನೆಯ ಕಲಮಿದೆ. ಆಸಕ್ತಿಯಿಲ್ಲ ಎಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಸಂಪರ್ಕಿಸಲು, ಹಿಂಬಾಲಿಸಲು ಹೋದರೆ ಮೊದಲ ಬಾರಿಗೇ ಮೂರು ವರ್ಷದವರೆಗೆ ಸೆರೆವಾಸ.

ಅರಸೀಕೆರೆಯವನು

ಸರಿ ಮೇಡಂ. ಒಂದೇ ಸಂದೇಶ, ಹಗಲು ಹೊತ್ತಿನಲ್ಲಿ.